ಕಿವಿಗೆ ತಿಳಿಯದ್ದು: ಮಾಲರ್ ಅವರ ಒಂಬತ್ತನೆಯ ಸಿಂಫನಿಯ ಹಳೆಯ ಧ್ವನಿಮುದ್ರಿಕೆಗಳು



ಪ್ರೀತಿಪಾತ್ರರನ್ನು ಮಣ್ಣಿಗೆ ಒಪ್ಪಿಸುವ ಹೊತ್ತಿನಲ್ಲಿ ನಮ್ಮಲ್ಲಿ ಕೇಳಿಬರುವ ‘ಅಬೈಡ್ ವಿತ್ ಮಿ’ ಎಂಬ ಸ್ತುತಿಗೀತೆಯ ರಾಗವನ್ನು ನೀವು ಬಲ್ಲಿರಿ. ಇಂಗ್ಲೆಂಡಿನ ವಿಲಿಯಂ ಹೆನ್ರಿ ಮಂಕ್ 1861ರಲ್ಲಿ ಕಟ್ಟಿದ ರಾಗ ಅದು. ಗಾಂಧೀಜಿಯವರಿಗೆ ಆ ಗೀತೆ ಅಚ್ಚುಮೆಚ್ಚಾಗಿತ್ತು. ಗಣರಾಜ್ಯೋತ್ಸವದ ಸಮಾರೋಪದಲ್ಲಿ ದೆಹಲಿಯಲ್ಲಿ ಸೇನೆಯ ವಾದ್ಯವೃಂದಗಳು ಅದನ್ನು ನುಡಿಸುತ್ತಿದ್ದ ಪದ್ಧತಿಯನ್ನು 2022ರಲ್ಲಿ ಕೈಬಿಡಲಾಯಿತು. ಆ ರಾಗದ ಮೊದಲ ಸಾಲನ್ನು ಒಮ್ಮೆ ಮನಸ್ಸಿನಲ್ಲೇ ಗುನುಗಿಕೊಳ್ಳಿ. ಬಳಿಕ ಅದನ್ನು ಬಹಳ ನಿಧಾನಗೊಳಿಸಿ, ಹತ್ತಾರು ಪಿಟೀಲು, ವಿಯೋಲಾ, ಚೆಲ್ಲೋಗಳು ಕಮಾನನ್ನು ತಂತಿಗೆ ಗಾಢವಾಗಿ ಒತ್ತಿ ನುಡಿಸುತ್ತಿವೆ ಎಂದು ಕಲ್ಪಿಸಿಕೊಳ್ಳಿ. ಗುಸ್ತಾವ್ ಮಾಲರ್ ಅವರ ಒಂಬತ್ತನೆಯ ಸಿಂಫನಿಯ ಕೊನೆಯ ಭಾಗ ಹೆಚ್ಚುಕಡಿಮೆ ಹೀಗೆಯೇ ತೊಡಗುತ್ತದೆ. ಹೋಲಿಕೆ ಆಕಸ್ಮಿಕವೆಂದೇ ನನ್ನ ಎಣಿಕೆ. ಆದರೆ ಮೊದಲ ಸಲ ಕೇಳಿದಾಗ ನಾನು ಕುರ್ಚಿಯಿಂದ ಅರ್ಧ ಎದ್ದುಬಿಟ್ಟಿದ್ದೆ. ನಮ್ಮೂರ ಸಮಾಧಿಭೂಮಿಯಲ್ಲಿ ಕೇಳಿದ ರಾಗವೊಂದು ವಿಯನ್ನಾ ಸುತ್ತಿಕೊಂಡು ಮನೆಗೆ ಬಂದಂತಾಗಿತ್ತು.

ಈ ಸಿಂಫನಿಯ ಕೆಲವು ಹಳೆಯ ಧ್ವನಿಮುದ್ರಿಕೆಗಳನ್ನು ಕುರಿತು ನಿಮ್ಮೊಡನೆ ಮಾತನಾಡಬೇಕೆಂಬುದು ನನ್ನ ಬಹುದಿನದ ಆಸೆ. ಪಾಶ್ಚಾತ್ಯ ಸಂಗೀತದ ಪರಿಚಯ ಸಾಲದೆಂದು ಹಿಂಜರಿಯಬೇಡಿ. ಸಿಂಫನಿಯೆಂದರೆ ದೊಡ್ಡ ವಾದ್ಯವೃಂದಕ್ಕಾಗಿ ಬರೆದ, ಹಲವು ಭಾಗಗಳುಳ್ಳ ದೀರ್ಘ ರಚನೆ. ಅದರ ಸ್ವರಗಳೆಲ್ಲ ಕಾಗದದ ಮೇಲೆ ಬರೆದಿಟ್ಟವೇ. ಆದರೂ ಎಷ್ಟು ವೇಗ, ಎಷ್ಟು ಗಟ್ಟಿ, ಎಲ್ಲಿ ಉಸಿರು ತೆಗೆದುಕೊಳ್ಳಬೇಕು ಎಂಬುದು ನಿರ್ದೇಶಕರ ಕೈಯಲ್ಲಿರುತ್ತದೆ. ದೇವಾಲಯದಲ್ಲಿ ಅದೇ ವಾಕ್ಯಭಾಗವನ್ನು ಈ ವಾರ ಒಬ್ಬರು, ಮುಂದಿನ ವರ್ಷ ಇನ್ನೊಬ್ಬರು ಓದುತ್ತಾರೆ. ಅಕ್ಷರ ಬದಲಾಗದಿದ್ದರೂ ಕೇಳಿದ್ದು ಬೇರೆಯಾಗಿರುತ್ತದೆಯಲ್ಲವೇ? ಅಂಥದೇ ವ್ಯತ್ಯಾಸ ಇದು.

ಮಾಲರ್ ಈ ಕೃತಿಯನ್ನು ಬರೆದದ್ದು 1909ರ ಬೇಸಿಗೆಯಲ್ಲಿ. ಪೂರ್ಣಗೊಳಿಸಿದ್ದು 1910ರ ವಸಂತದಲ್ಲಿ. ಅದಕ್ಕೆ ಎರಡು ವರ್ಷ ಮೊದಲು, 1907ರ ಜುಲೈಯಲ್ಲಿ, ಅವರ ನಾಲ್ಕು ವರ್ಷದ ಹಿರಿಯ ಮಗಳು ತೀರಿಕೊಂಡಿದ್ದಳು. ಅದೇ ಬೇಸಿಗೆಯಲ್ಲಿ ವೈದ್ಯರು ಅವರ ಹೃದಯದಲ್ಲಿ ದೋಷವಿರುವುದನ್ನು ಕಂಡುಹಿಡಿದರು. 1911ರ ಮೇ 18ರಂದು, ಐವತ್ತು ವರ್ಷಕ್ಕೇ, ಅವರು ಮರಣಹೊಂದಿದರು. ತಮ್ಮ ಒಂಬತ್ತನೆಯ ಸಿಂಫನಿಯನ್ನು ಅವರು ಕಿವಿಯಾರೆ ಕೇಳಲೇ ಇಲ್ಲ. ಮರುವರ್ಷ ಜೂನ್ 26ರಂದು ವಿಯನ್ನಾದಲ್ಲಿ ಅದನ್ನು ಮೊದಲ ಬಾರಿಗೆ ಲೋಕಕ್ಕೆ ಕೇಳಿಸಿದವರು ಅವರ ಶಿಷ್ಯಪ್ರಾಯರಾದ ಬ್ರೂನೋ ವಾಲ್ಟರ್. ಹದಿಹರೆಯ ದಾಟುವ ಮುನ್ನವೇ ಹ್ಯಾಂಬರ್ಗಿನ ರಂಗಮಂದಿರದಲ್ಲಿ ಮಾಲರ್ ಅವರ ಸಹಾಯಕರಾಗಿ ಸೇರಿದ್ದ ವಾಲ್ಟರ್, ವಿಯನ್ನಾದಲ್ಲೂ ಅವರ ಪಕ್ಕದಲ್ಲೇ ದುಡಿದವರು.

ಅದೇ ವಾಲ್ಟರ್, ಅದೇ ವಿಯನ್ನಾ ಫಿಲ್‌ಹಾರ್ಮೋನಿಕ್ ವಾದ್ಯವೃಂದದೊಡನೆ, 1938ರ ಜನವರಿ 16ರ ಭಾನುವಾರ ಈ ಸಿಂಫನಿಯನ್ನು ಮತ್ತೆ ನಡೆಸಿದರು. ಆ ಕಛೇರಿಯನ್ನು ಹಿಸ್ ಮಾಸ್ಟರ್ಸ್ ವಾಯ್ಸ್ ಕಂಪನಿಯವರು ಸಭಾಂಗಣದಲ್ಲಿಯೇ ಮುದ್ರಿಸಿಕೊಂಡರು. ಇಡೀ ಸಿಂಫನಿಯ ಮೊದಲ ಗ್ರಾಮಫೋನ್ ಮುದ್ರಣ ಅದೇ. ಆಗಿನ ತಟ್ಟೆಯ ಒಂದು ಮಗ್ಗುಲಿನಲ್ಲಿ ನಾಲ್ಕು ನಿಮಿಷಗಳಷ್ಟೇ ಹಿಡಿಯುತ್ತಿತ್ತು. ಹೀಗಾಗಿ ಒಂದು ಸಿಂಫನಿ ಹತ್ತು ತಟ್ಟೆಗಳಿಗೆ, ಇಪ್ಪತ್ತು ಮಗ್ಗುಲಿಗೆ ಹರಡಿಕೊಂಡಿತು. ಕೇಳುವವರು ನಾಲ್ಕು ನಿಮಿಷಕ್ಕೊಮ್ಮೆ ಎದ್ದು ತಟ್ಟೆ ತಿರುವಬೇಕಿತ್ತು. ಈ ಕೆಲಸದ ಹೊಣೆ ಹೊತ್ತವರು ಫ್ರೆಡ್ ಗೈಸ್‌ಬರ್ಗ್. ಆ ಹೆಸರನ್ನು ನೀವು ಬೇರೊಂದು ಕಡೆ ಕೇಳಿರಬಹುದು. 1902ರಲ್ಲಿ ಕಲ್ಕತ್ತೆಗೆ ಬಂದು ಗೌಹರ್ ಜಾನ್ ಅವರ ಹಾಡನ್ನು ಮೊದಲ ಬಾರಿ ಗ್ರಾಮಫೋನಿಗೆ ಹಿಡಿದವರೂ ಇವರೇ. (ಆ ಗೌಹರ್ ಜಾನ್ ಮುಂದೆ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು 1930ರಲ್ಲಿ ಮೈಸೂರಿನಲ್ಲೇ ಕಣ್ಮುಚ್ಚಿದರು ಎಂಬುದು ನಮ್ಮವರಿಗೇ ಮರೆತುಹೋಗುತ್ತಿದೆ.)

ಇಂದು ಈ ಮುದ್ರಿಕೆಯನ್ನು ಮೊಬೈಲಿನಲ್ಲೇ ಕೇಳಬಹುದು. ಮೊದಲ ನಿಮಿಷ ನಿಮಗೆ ಬೇಸರ ಬರಬಹುದೆಂದು ಮೊದಲೇ ಹೇಳಿಬಿಡುತ್ತೇನೆ. ಹಂಚಿನ ಮೇಲೆ ಮಳೆ ಬಿದ್ದಂತಹ ಸರಸರ ಸದ್ದು. ಅದರ ಹಿಂದೆ ಎಲ್ಲೋ ದೂರದಲ್ಲಿ ಚೆಲ್ಲೋಗಳು, ಒಂದು ಹಾರ್ನ್, ಒಂದು ಹಾರ್ಪ್. ನಮ್ಮ ಗಾಯನ ತಂಡದ ಹಿರಿಯರೊಬ್ಬರಿಗೆ ಇದನ್ನು ಕೇಳಿಸಿದಾಗ, “ಇದೇನಪ್ಪ, ಯಾರೋ ಹಪ್ಪಳ ಕರಿಯುತ್ತಿದ್ದಾರೆ” ಎಂದಿದ್ದರು. ಆದರೆ ಹತ್ತು ನಿಮಿಷದ ಬಳಿಕ ಅವರೂ ಸುಮ್ಮನಾದರು. ಕಿವಿ ಬಲು ಬೇಗ ಕ್ಷಮಿಸುತ್ತದೆ.

ಆ ದೂರದ ಸದ್ದುಗಳ ನಡುವಿನಿಂದ ಎರಡನೆಯ ಪಿಟೀಲುಗಳು ಮೇಲೆದ್ದು, ಇಳಿಯುವ ಎರಡೇ ಸ್ವರಗಳನ್ನು ನುಡಿಸುತ್ತವೆ. ಒಂದು ನಿಟ್ಟುಸಿರಿನಷ್ಟೇ ಚಿಕ್ಕದು. ಇಡೀ ಮೊದಲ ಭಾಗ ಆ ನಿಟ್ಟುಸಿರಿನಿಂದಲೇ ಬೆಳೆಯುತ್ತದೆ. 1938ರ ವಾದಕರು ಆ ಸಾಲಿನ ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗುವಾಗ ನಡುವಿನ ದಾರಿಯನ್ನು ಜಿಗಿದು ದಾಟುವುದಿಲ್ಲ. ಬೆರಳನ್ನು ತಂತಿಯ ಮೇಲೆ ಎಳೆದು ಜಾರುತ್ತಾರೆ. ಕರ್ನಾಟಕ ಸಂಗೀತ ಕೇಳಿ ಬೆಳೆದ ನಮಗೆ ಇದು ‘ಜಾರು’ ಎಂದು ಥಟ್ಟನೆ ಹೊಳೆಯುತ್ತದೆ. ಯುರೋಪಿನ ವೃಂದಗಳಲ್ಲಿ ಈ ಅಭ್ಯಾಸ ಯುದ್ಧಾನಂತರ ಬಹುಪಾಲು ಅಳಿಸಿಹೋಯಿತು. ಅಶಿಸ್ತೆಂದು ಅದನ್ನು ಬಿಡಿಸಿದರು. ಮಾಲರ್ ಹತ್ತು ವರ್ಷ ಈ ವಿಯನ್ನಾ ವಾದಕರ ಮುಂದೆ ನಿಂತವರು. ಹಾಗಾದರೆ ಅವರ ಮನಸ್ಸಿನ ಕಿವಿಯಲ್ಲಿದ್ದ ಪಿಟೀಲು ಈ ಜಾರುವ ಪಿಟೀಲೇ ಇರಬೇಕೆಂದು ನಾನು ನಂಬುತ್ತೇನೆ. ಆಧುನಿಕ ಮುದ್ರಿಕೆಗಳ ನಿರ್ಮಲವಾದ ಸ್ವರಗಳನ್ನು ಕೇಳಿ ಬಂದವರಿಗೆ ಇಲ್ಲಿ ಯಾರೋ ಮಾತನಾಡುತ್ತಿರುವಂತೆ ಅನ್ನಿಸುತ್ತದೆ.

ಇನ್ನೊಂದು ಸಂಗತಿ ವೇಗ. ಈ ಕಛೇರಿ ಸುಮಾರು ಎಪ್ಪತ್ತು ನಿಮಿಷಗಳಲ್ಲಿ ಮುಗಿಯುತ್ತದೆ. ಮೂರನೆಯ ಭಾಗವಂತೂ ಓಡುತ್ತದೆ. ಅದು ಕಟಕಿಯಿಂದ, ಸಿಟ್ಟಿನಿಂದ ತುಂಬಿದ ಬರವಣಿಗೆ. ವಾದಕರು ಕೆಲವೆಡೆ ತಪ್ಪುತ್ತಾರೆ, ತಾಳಕ್ಕೆ ಒಬ್ಬರನ್ನೊಬ್ಬರು ಹಿಂಬಾಲಿಸಲಾಗದೆ ಚೆದುರುತ್ತಾರೆ, ಮತ್ತೆ ಕೂಡಿಕೊಳ್ಳುತ್ತಾರೆ. ಆ ಓಟದ ನಡುವೆ ಒಮ್ಮೆಲೇ ಎಲ್ಲವೂ ತಗ್ಗಿ, ಒಂದು ಟ್ರಂಪೆಟ್, ಒಂದು ಸ್ವರವನ್ನು ಅದರ ನೆರೆಹೊರೆಯ ಸ್ವರಗಳಿಂದ ಸುತ್ತಿಬರುವ ಪುಟ್ಟ ತಿರುವೊಂದನ್ನು ಊದುತ್ತದೆ. ಗಮಕದಂತಹ ಆ ತಿರುವು ಕೊನೆಯ ಭಾಗದ ಉಸಿರೇ ಆಗಲಿದೆ. ಕೊಳಕಾದ ಬೀದಿಯಲ್ಲಿ ನಡೆಯುವಾಗ ಯಾವುದೋ ಕಿಟಕಿ ತೆರೆದು ಒಳಗಿನ ಬೆಳಕು ಕಂಡಂತೆ.

ಈಗ ಇಪ್ಪತ್ತಮೂರು ವರ್ಷ ಮುಂದೆ ಬನ್ನಿ. 1961ರ ಜನವರಿ–ಫೆಬ್ರವರಿ. ಅದೇ ಬ್ರೂನೋ ವಾಲ್ಟರ್, ವಯಸ್ಸು ಎಂಬತ್ತನಾಲ್ಕು, ಹೃದಯಾಘಾತವನ್ನು ದಾಟಿ ಬಂದವರು. ಸ್ಥಳ ಅಮೆರಿಕದ ಹಾಲಿವುಡ್. ಅವರಿಗಾಗಿಯೇ ಆ ಸೀಮೆಯ ವಾದಕರನ್ನು ಕೂಡಿಸಿ ಕಟ್ಟಿದ ಕೊಲಂಬಿಯಾ ಸಿಂಫನಿ ವೃಂದ; ಉತ್ತಮ ಸ್ಟೀರಿಯೋ ಯಂತ್ರ; ಸಭಿಕರಿಲ್ಲದ ನಿಶ್ಶಬ್ದ. ಇಲ್ಲಿ ಸಿಂಫನಿ ಸುಮಾರು ಎಂಬತ್ತೊಂದು ನಿಮಿಷ. ನಾನು ಮೊದಲು ಕೇಳಿದ್ದು ಇದನ್ನೇ, ಸವೆದ ಕ್ಯಾಸೆಟ್ಟಿನಲ್ಲಿ. ಬಹಳ ವರ್ಷ ಇದೇ ಸರಿಯೆಂದು ವಾದಿಸುತ್ತಿದ್ದೆ. ಪ್ರತಿಯೊಂದು ವಾದ್ಯವೂ ಬಿಡಿಬಿಡಿಯಾಗಿ, ಎಡ ಬಲ ತಿಳಿಯುವಂತೆ ಕೇಳುತ್ತದೆ. ಎರಡನೆಯ ಭಾಗದ ಹಳ್ಳಿಗರ ಕುಣಿತ ಇಲ್ಲಿ ಭಾರವಾದ ಬೂಟು ಹಾಕಿಕೊಂಡು ನಗುನಗುತ್ತಾ ಕುಣಿಯುತ್ತದೆ. 1938ರದಕ್ಕಿಂತ ಈ ಭಾಗ ಮಾತ್ರ ಇಲ್ಲಿಯೇ ಚೆನ್ನ. ಕೊನೆಯ ಭಾಗದಲ್ಲಿ ಒಬ್ಬ ವೃದ್ಧರು ಎಲ್ಲವನ್ನೂ ಒಪ್ಪಿಕೊಂಡು ಕುಳಿತಿರುವ ಶಾಂತಿಯಿದೆ.

ಅದೇ ನನಗೀಗ ತೊಡಕೆನಿಸುವುದು. ಶಾಂತಿ ಬೇಗ ಬಂದುಬಿಡುತ್ತದೆ. ಮೊದಲ ಭಾಗದ ನಡುವೆ ಟ್ರೊಂಬೋನುಗಳು ಆ ಆರಂಭದ ಮುರುಕು ತಾಳವನ್ನೇ ಸಿಡಿಲಿನಂತೆ ಹೊಡೆದು ಎಲ್ಲವನ್ನೂ ಉರುಳಿಸುವ ಗಳಿಗೆಯೊಂದಿದೆ. ಅದರ ಬೆನ್ನಿಗೇ ಶವಯಾತ್ರೆಯ ಹೆಜ್ಜೆ. ಹಾಲಿವುಡ್ಡಿನ ಮುದ್ರಿಕೆಯಲ್ಲಿ ಆ ಸಿಡಿಲು ಬರುವುದು ನಮಗೆ ಮೊದಲೇ ಗೊತ್ತಿರುತ್ತದೆ, ವಾಲ್ಟರ್ ಅವರಿಗೂ ಗೊತ್ತಿದೆ, ದಾರಿ ಬಿಟ್ಟು ನಿಂತಿದ್ದಾರೆ. ವಿಯನ್ನಾದ ಮುದ್ರಿಕೆಯಲ್ಲಿ ಅದು ಓಡುತ್ತಿದ್ದವರನ್ನು ಹಿಂದಿನಿಂದ ಬಂದು ಕೆಡಹುತ್ತದೆ. ಇಷ್ಟು ವರ್ಷ ಎರಡನ್ನೂ ಕೇಳಿದ ಮೇಲೆ, ಒಂದನ್ನೇ ಇಟ್ಟುಕೊಳ್ಳಿ ಎಂದರೆ, ನಾನು ಆ ಹಪ್ಪಳದ ಸದ್ದಿನ ಮುದ್ರಿಕೆಯನ್ನೇ ಇಟ್ಟುಕೊಳ್ಳುತ್ತೇನೆ.

ಇಲ್ಲಿ ನಿಮಗೊಂದು ಇತಿಹಾಸವನ್ನು ಹೇಳಲೇಬೇಕಾಗಿದೆ. ಬೇಕೆಂದೇ ಇಲ್ಲಿಯವರೆಗೆ ತಡೆದಿಟ್ಟಿದ್ದೆ.

ಆ ಜನವರಿ ಭಾನುವಾರದ ಬಳಿಕ ಐವತ್ತೈದನೆಯ ದಿನ, 1938ರ ಮಾರ್ಚ್ 12ರಂದು, ಹಿಟ್ಲರನ ಸೇನೆ ಆಸ್ಟ್ರಿಯಾವನ್ನು ಪ್ರವೇಶಿಸಿತು. ಮಾಲರ್ ಯೆಹೂದ್ಯ ಮನೆತನದಲ್ಲಿ ಹುಟ್ಟಿದವರು. ವಿಯನ್ನಾದ ಹುದ್ದೆ ದೊರೆಯುವ ಮುನ್ನ, 1897ರಲ್ಲಿ, ಅವರು ಕಥೋಲಿಕ ದೀಕ್ಷಾಸ್ನಾನ ಪಡೆದಿದ್ದರು. ನಾತ್ಸಿಗಳ ಲೆಕ್ಕದಲ್ಲಿ ದೀಕ್ಷಾಸ್ನಾನಕ್ಕೆ ಬೆಲೆಯಿರಲಿಲ್ಲ, ಅವರು ನೋಡುತ್ತಿದ್ದುದು ಅಜ್ಜ ಅಜ್ಜಿಯರ ರಕ್ತವನ್ನು. ಮಾಲರ್ ಸಂಗೀತ ವಿಯನ್ನಾದಿಂದ ಮಾಯವಾಯಿತು. ವಾಲ್ಟರ್ ಅವರೂ ಯೆಹೂದ್ಯ ಮೂಲದವರೇ. 1933ರಲ್ಲಿ ಜರ್ಮನಿಯಿಂದ ಹೊರದೂಡಲ್ಪಟ್ಟು ವಿಯನ್ನಾಕ್ಕೆ ಬಂದಿದ್ದವರು. ಸೇನೆ ಬಂದ ದಿನ ಅವರು ಕಛೇರಿಗಾಗಿ ಹಾಲೆಂಡಿನಲ್ಲಿದ್ದರು, ಹಾಗಾಗಿ ಉಳಿದುಕೊಂಡರು. ವಿಯನ್ನಾದಲ್ಲಿದ್ದ ಹಿರಿಯ ಮಗಳನ್ನು ಬಂಧಿಸಲಾಯಿತು. ಆಕೆಯನ್ನು ಬಿಡಿಸಿಕೊಳ್ಳಲು ತಂದೆ ದೂರದಿಂದಲೇ ಪರದಾಡಬೇಕಾಯಿತು.

ವೃಂದದ ಪಿಟೀಲು ವಾದಕರ ಮುಂದಾಳಾಗಿ ಅಂದು ಕುಳಿತಿದ್ದವರು ಆರ್ನಾಲ್ಡ್ ರೋಸೆ, ವಯಸ್ಸು ಎಪ್ಪತ್ತನಾಲ್ಕು. 1881ರಿಂದ ಅದೇ ಸ್ಥಾನದಲ್ಲಿದ್ದವರು. ಮಾಲರ್ ಅವರ ತಂಗಿಯ ಗಂಡ. ಮುದ್ರಿಕೆಯಲ್ಲಿ ಒಂಟಿ ಪಿಟೀಲಿನ ದನಿ ಕೇಳಿದಾಗಲೆಲ್ಲ ಅದು ಅವರದು. ಕೆಲವೇ ವಾರಗಳಲ್ಲಿ ಅವರನ್ನು ವೃಂದದಿಂದ ಹೊರಗಟ್ಟಲಾಯಿತು. ಅದೇ ವರ್ಷ ಪತ್ನಿ ತೀರಿಕೊಂಡರು. ಮರುವರ್ಷ ರೋಸೆ ಲಂಡನ್ನಿಗೆ ಹೋಗಿ ಸೇರಿದರು. 1946ರಲ್ಲಿ ಅಲ್ಲಿಯೇ ನಿಧನರಾದರು. ಪಿಟೀಲು ವಾದಕಿಯೇ ಆಗಿದ್ದ ಮಗಳು ಆಲ್ಮಾ ರೋಸೆ ಸೆರೆಸಿಕ್ಕಿ, ಔಷ್ವಿಟ್ಸ್ ಶಿಬಿರದಲ್ಲಿ ಬಂದಿನಿಯರ ವಾದ್ಯವೃಂದವನ್ನು ನಡೆಸುತ್ತಾ, 1944ರ ಏಪ್ರಿಲಿನಲ್ಲಿ ಅಲ್ಲಿಯೇ ಸತ್ತಳು.

ವೃಂದ ತನ್ನ ಆ ಕಾಲದ ಕಥೆಯನ್ನು ಇತಿಹಾಸಕಾರರಿಂದ ಬರೆಸಿ 2013ರಲ್ಲಿ ಪ್ರಕಟಿಸಿತು. ಹಾಲಿ ವಾದಕರೂ ನಿವೃತ್ತರೂ ಸೇರಿ ಏಳು ಮಂದಿ ಕಿರುಕುಳದಿಂದಲೋ ಶಿಬಿರಗಳಲ್ಲೋ ಪ್ರಾಣ ಕಳೆದುಕೊಂಡರು. ಒಂಬತ್ತು ಮಂದಿ ದೇಶ ಬಿಟ್ಟು ಓಡಿದರು. ಪಿಟೀಲು ವಾದಕ ವಿಕ್ಟರ್ ರೊಬಿಟ್ಸೆಕ್ 1942ರಲ್ಲಿ ಪೋಲೆಂಡಿನ ಲೋಡ್ಜ್ ನಗರದ ಗೆಟ್ಟೋದಲ್ಲಿ ಮಡಿದರು. ಆ ಕಥೆಯ ಇನ್ನೊಂದು ಪುಟವೂ ಇದೆ. ನಾತ್ಸಿ ಪಕ್ಷ ಆಸ್ಟ್ರಿಯಾದಲ್ಲಿ ನಿಷಿದ್ಧವಾಗಿದ್ದಾಗಲೇ ವೃಂದದ ಸುಮಾರು ಐದನೆಯ ಒಂದು ಪಾಲು ವಾದಕರು ಗುಟ್ಟಾಗಿ ಅದರ ಸದಸ್ಯರಾಗಿದ್ದರು.

ಈ ಇತಿಹಾಸ ತಿಳಿದವರು 1938ರ ಮುದ್ರಿಕೆಯನ್ನು ಕುರಿತು ಒಂದು ಮಾತನ್ನು ಪದೇಪದೇ ಬರೆಯುತ್ತಾ ಬಂದಿದ್ದಾರೆ: ಅದರ ಆತುರದಲ್ಲಿ ಬರಲಿರುವ ವಿನಾಶದ ಭಯ ಕೇಳುತ್ತದೆ, ಅದೊಂದು ವಿದಾಯಗೀತೆ ಎಂದು. ನಾನೂ ಒಂದು ಕಾಲಕ್ಕೆ ಹಾಗೆಯೇ ನಂಬಿ, ಹಾಗೆಯೇ ಇತರರಿಗೂ ಹೇಳಿ ಕಣ್ಣು ಒದ್ದೆಮಾಡಿದ್ದುಂಟು. ಈಗ ಆ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ. ನನ್ನ ಕಾರಣ ಸರಳ. ಆ ಕಛೇರಿಯ ಹಿಂದಿನ ದಿನವೇ ವಾಲ್ಟರ್ ಅದೇ ವೃಂದದಿಂದ ಮಾಲರ್ ಅವರ ಐದನೆಯ ಸಿಂಫನಿಯ ನಿಧಾನಗತಿಯ ಭಾಗವನ್ನು ಮುದ್ರಿಸಿದರು. ಅದು ಎಂಟು ನಿಮಿಷದೊಳಗೆ ಮುಗಿಯುತ್ತದೆ. 1947ರಲ್ಲಿ, ಯುದ್ಧ ಮುಗಿದ ಮೇಲೆ, ಸುರಕ್ಷಿತವಾದ ನ್ಯೂಯಾರ್ಕಿನಲ್ಲಿ ಅದೇ ಭಾಗವನ್ನು ಅವರು ಮತ್ತೆ ಮುದ್ರಿಸಿದಾಗಲೂ ಅದಕ್ಕೆ ಅಷ್ಟೇ ಹೊತ್ತು, ಒಂದಿಷ್ಟು ಕಡಿಮೆಯೇ. ಇತರ ನಿರ್ದೇಶಕರು ಮುಂದೆ ಅದನ್ನು ಹತ್ತು, ಹನ್ನೊಂದು ನಿಮಿಷಗಳಿಗೆ ಎಳೆದರು. ಅಂದರೆ ಆ ವೇಗ ಭಯದ್ದಲ್ಲ. ಆ ಕಾಲದಲ್ಲಿ ವಾಲ್ಟರ್ ಮಾಲರ್ ಅವರನ್ನು ನುಡಿಸುತ್ತಿದ್ದ ನಡಿಗೆಯೇ ಅದು. ನಾವು ಕೇಳುವ ಭಯ ನಾವೇ ತಂದು ಇಟ್ಟದ್ದು.

ಹಾಗೆಂದು ಮುದ್ರಿಕೆಯ ಬೆಲೆ ನನ್ನ ಪಾಲಿಗೆ ಕುಂದಲಿಲ್ಲ. ವಿದಾಯವೆಂದು ತಿಳಿಯದವರು ನುಡಿಸಿದ ವಿದಾಯ ಅದು. ಮುಂದಿನ ವಾರದ ಕಛೇರಿ, ಮನೆಯ ಬಾಡಿಗೆ, ಮಗಳ ಪತ್ರ ಇವೆಲ್ಲ ತಲೆಯಲ್ಲಿಟ್ಟುಕೊಂಡು ಕುಳಿತ ವಾದಕರು ಮರಣವನ್ನು ಕುರಿತ ಸಂಗೀತವನ್ನು ಜೀವಂತರಂತೆ ನುಡಿಸಿದ್ದಾರೆ. ಆದ್ದರಿಂದಲೇ ಅದರಲ್ಲಿ ಬಿಸಿಯಿದೆ.

ಆದರೆ ಭಯವನ್ನು ಕಳೆದುಕೊಂಡ ಜಾಗದಲ್ಲಿ ನನಗೆ ಇನ್ನೊಂದು ಅಸಮಾಧಾನ ಬಂದು ಕುಳಿತಿದೆ. ಅದನ್ನು ನಿಮ್ಮಿಂದ ಮುಚ್ಚಿಡಲಾರೆ. ಮೊದಲ ಭಾಗದ ಆ ಜಾರುವ ಪಿಟೀಲುಗಳಲ್ಲಿ ಯಾವುದು ಗೆಟ್ಟೋದಲ್ಲಿ ಸಾಯಲಿದ್ದವರದು, ಯಾವುದು ಜೇಬಿನಲ್ಲಿ ಗುಟ್ಟಾಗಿ ಪಕ್ಷದ ಗುರುತು ಇಟ್ಟುಕೊಂಡವರದು? ಎಷ್ಟು ಸಲ ಕೇಳಿದರೂ ನನ್ನ ಕಿವಿಗೆ ಭೇದ ತಿಳಿದಿಲ್ಲ. ಒಂದೇ ಸ್ಟ್ಯಾಂಡಿನ ಒಂದೇ ಪುಟವನ್ನು ಓದುತ್ತಾ, ಒಬ್ಬರ ಕಮಾನಿಗೆ ಇನ್ನೊಬ್ಬರು ಕಮಾನು ಸೇರಿಸಿ, ಒಂದೇ ನಿಟ್ಟುಸಿರನ್ನು ಅವರು ಬಿಟ್ಟಿದ್ದಾರೆ. ಸಂಗೀತದ ಅನುಭವ ಮನುಷ್ಯರನ್ನು ಮೃದುವಾಗಿಸುತ್ತದೆಂದು ನಮ್ಮ ಗಾಯನ ತಂಡಗಳ ವಾರ್ಷಿಕೋತ್ಸವಗಳಲ್ಲಿ ನಾವೆಲ್ಲ ಭಾಷಣ ಮಾಡುತ್ತೇವೆ. ನಾನೂ ಮಾಡಿದ್ದೇನೆ. ಈ ಮುದ್ರಿಕೆಯನ್ನು ಬಲ್ಲವನಿಗೆ ಆ ಭಾಷಣ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ಇದೇ ಪ್ರಶ್ನೆಯನ್ನು ಹಿಡಿದುಕೊಂಡು ಬರ್ಲಿನ್ನಿಗೆ ಹೋಗೋಣ. ಯುದ್ಧಕಾಲದಲ್ಲಿ ಗೊಬೆಲ್ಸನ ಪ್ರಚಾರ ಖಾತೆಯ ಅಧೀನದಲ್ಲಿದ್ದ ಬರ್ಲಿನ್ ಫಿಲ್‌ಹಾರ್ಮೋನಿಕ್, 1963ರಲ್ಲಿ ಇಂಗ್ಲೆಂಡಿನ ಜಾನ್ ಬಾರ್ಬಿರೊಲ್ಲಿ ಅವರೊಡನೆ ಈ ಸಿಂಫನಿಯನ್ನು ನುಡಿಸಿತು. ವಾದಕರಿಗೆ ಅದು ಎಷ್ಟು ನಾಟಿತೆಂದರೆ, ಅವರೊಡನೆಯೇ ಇದನ್ನು ಮುದ್ರಿಸಬೇಕೆಂದು ಅವರೇ ಕೇಳಿಕೊಂಡರು. 1964ರ ಜನವರಿಯಲ್ಲಿ ಆ ಕೆಲಸ ನಡೆದದ್ದು ದಾಲೆಮ್ ಬಡಾವಣೆಯ ಯೇಸು ಕ್ರಿಸ್ತ ದೇವಾಲಯದಲ್ಲಿ. ಅಲ್ಲಿನ ಗೋಡೆಗಳ ನಾದಗುಣಕ್ಕಾಗಿ ಯುದ್ಧಾನಂತರ ಧ್ವನಿಮುದ್ರಣಕ್ಕೆ ಅದನ್ನು ಬಳಸುತ್ತಿದ್ದರು. ಅದೇ ದಾಲೆಮ್ ಸಭೆಯ ಪಾಲಕರಾಗಿದ್ದವರು ಮಾರ್ಟಿನ್ ನೀಮೊಲ್ಲರ್. ಮೊದಮೊದಲು ಹಿಟ್ಲರನ ಏಳಿಗೆಯನ್ನು ಸ್ವಾಗತಿಸಿ, ಆಮೇಲೆ ಸಭೆಯನ್ನು ಅವನ ಹಿಡಿತಕ್ಕೆ ಕೊಡಲು ಒಪ್ಪದೆ, 1937ರ ಜುಲೈಯಲ್ಲಿ ಬಂಧನಕ್ಕೊಳಗಾದವರು, ಬಿಡುಗಡೆ 1945ರಲ್ಲಿ. ವಿಯನ್ನಾದ ಆ ಭಾನುವಾರ ವಾಲ್ಟರ್ ಕೋಲೆತ್ತುತ್ತಿದ್ದಾಗ ನೀಮೊಲ್ಲರ್ ಬರ್ಲಿನ್ನಿನ ಸೆರೆಯಲ್ಲಿದ್ದರು.

ಬಾರ್ಬಿರೊಲ್ಲಿ ತಾವೇ ಚೆಲ್ಲೋ ವಾದಕರಾಗಿದ್ದವರು. ಈ ಮುದ್ರಿಕೆಯಲ್ಲಿ ತಂತಿವಾದ್ಯಗಳು ಹಾಡುತ್ತವೆ. ಮರೆಯಾಗಿದ್ದ ಜಾರು ಅಲ್ಲಲ್ಲಿ ಮರಳಿ ಬರುತ್ತದೆ. ಮೂರನೆಯ ಭಾಗ ಸ್ವಲ್ಪ ಹೆಚ್ಚು ಜಾಗರೂಕವಾಗಿದೆ ಎಂದು ಆಕ್ಷೇಪಿಸಬಹುದು. ಆದರೆ ಕೊನೆಯ ಭಾಗದ ಇಪ್ಪತ್ತಮೂರು ನಿಮಿಷಗಳಲ್ಲಿ, ಮೊದಲು ನಾನು ಗುನುಗಿಕೊಳ್ಳಿ ಎಂದ ಆ ರಾಗ, ದೊಡ್ಡ ಸಭೆಯೊಂದು ಎದ್ದುನಿಂತು ಹಾಡುವ ಸ್ತುತಿಯಂತೆ ಕೇಳಿಸುತ್ತದೆ. ಮನೆಮಂದಿಯೆಲ್ಲ ಕುಳಿತು ಮೊದಲ ಬಾರಿ ಕೇಳುವುದಾದರೆ ಇದರಿಂದಲೇ ಪ್ರಾರಂಭಿಸಿ. ಸದ್ದು ಸ್ಪಷ್ಟ, ಮನಸ್ಸು ಬೆಚ್ಚಗಾಗುತ್ತದೆ.

1979ರ ಅಕ್ಟೋಬರಿನಲ್ಲಿ ಲಿಯೊನಾರ್ಡ್ ಬರ್ನ್‌ಸ್ಟೈನ್ ಅದೇ ಬರ್ಲಿನ್ ವೃಂದದ ಮುಂದೆ ನಿಂತರು. ಯೆಹೂದ್ಯ ವಲಸಿಗರ ಮಗ. ಮಾಲರ್ ಅವರನ್ನು ಅಮೆರಿಕದ ಮನೆಮನೆಗೆ ತಲುಪಿಸಿದವರು. ಆಮ್ನೆಸ್ಟಿ ಇಂಟರ್‌ನ್ಯಾಷನಲ್ ಸಂಸ್ಥೆಯ ನೆರವಿಗಾಗಿ ನಡೆದ ಆ ಕಛೇರಿಗಳೇ ಅವರು ಆ ವೃಂದದೊಡನೆ ನಡೆಸಿದ ಮೊದಲನೆಯವೂ ಕೊನೆಯವೂ. ಅವರು ತೀರಿಕೊಂಡ ಬಳಿಕ, 1992ರಲ್ಲಿ, ಮುದ್ರಿಕೆ ಹೊರಬಂತು. ಅದರಲ್ಲಿ ಅವರ ನರಳುವಿಕೆ, ಕಾಲಪ್ಪಳಿಸುವಿಕೆ ಎಲ್ಲವೂ ಕೇಳುತ್ತವೆ. ಕೊನೆಯ ಭಾಗದ ಶಿಖರದಲ್ಲಿ, ಎಲ್ಲರೂ ಒಟ್ಟಿಗೆ ಬೊಬ್ಬಿರಿಯಬೇಕಾದೆಡೆ, ಟ್ರೊಂಬೋನುಗಳು ಬರುವುದೇ ಇಲ್ಲ. ಲೋಕದ ಅತ್ಯಂತ ಶಿಸ್ತಿನ ವೃಂದವೊಂದರಲ್ಲಿ, ಅಂತಹ ಗಳಿಗೆಯಲ್ಲಿ, ಬಾಯಿಗೆ ಬಾರದ ದನಿ. ಅಲ್ಲಿ ತೆರೆದುಕೊಂಡ ಖಾಲಿಯನ್ನು ಪಿಟೀಲುಗಳು ಹೇಗೋ ತುಂಬಿಕೊಂಡು ಮುಂದೆ ಹೋಗುತ್ತವೆ. ತಪ್ಪೆಂದು ಇದನ್ನು ತಳ್ಳಿಹಾಕುವವರಿದ್ದಾರೆ. ನನಗೆ ತಪ್ಪೇ ಸಾಕ್ಷಿ. ಆ ರಾತ್ರಿ ಯಾರೂ ಅಭ್ಯಾಸಬಲದಿಂದ ನುಡಿಸುತ್ತಿರಲಿಲ್ಲ.

ಮೂರು ವರ್ಷದ ಬಳಿಕ ಅದೇ ವೃಂದದೊಡನೆ ಹರ್ಬರ್ಟ್ ಫಾನ್ ಕರಾಯಾನ್ ನಡೆಸಿದ ಕಛೇರಿಯ ಮುದ್ರಿಕೆಯಲ್ಲಿ ಒಂದು ಸ್ವರವೂ ಹಾದಿ ತಪ್ಪುವುದಿಲ್ಲ. ಪಾಲಿಷ್ ಮಾಡಿದ ಅಮೃತಶಿಲೆಯಂತಿದೆ. 1933ರಲ್ಲಿಯೇ ನಾತ್ಸಿ ಪಕ್ಷ ಸೇರಿದ್ದ ಮನುಷ್ಯ ತಮ್ಮ ಎಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಮಾಲರ್ ಅವರ ಮುಂದೆ ಹೀಗೆ ತಲೆಬಾಗಿದ್ದನ್ನು ಪಶ್ಚಾತ್ತಾಪವೆಂದು ಕೇಳಬೇಕೇ, ಬರಿಯ ಕೌಶಲವೆಂದು ಕೇಳಬೇಕೇ? ಇಲ್ಲಿಯೂ ಕಿವಿ ಉತ್ತರ ಕೊಡುವುದಿಲ್ಲ. ಮೆಚ್ಚಿ ಕೇಳುತ್ತೇನೆ; ಮತ್ತೆ ಅಪರೂಪಕ್ಕೆ ಕೈಗೆತ್ತಿಕೊಳ್ಳುತ್ತೇನೆ.

ಒಂದು ಬದಲಾವಣೆಯನ್ನು ನೀವು ಗಮ‌ನಿಸಿರಬಹುದು. ಕೊನೆಯ ಭಾಗಕ್ಕೆ 1938ರಲ್ಲಿ ಹಿಡಿದದ್ದು ಸುಮಾರು ಹದಿನೆಂಟು ನಿಮಿಷ. 1961ರಲ್ಲಿ ಇಪ್ಪತ್ತೊಂದು. ಬರ್ಲಿನ್ನಿನಲ್ಲಿ ಬರ್ನ್‌ಸ್ಟೈನ್ ಮತ್ತು ಕರಾಯಾನ್ ಇಪ್ಪತ್ತಾರು ನಿಮಿಷಗಳ ಆಸುಪಾಸಿಗೆ ಬಂದರು. 1985ರಲ್ಲಿ ಬರ್ನ್‌ಸ್ಟೈನ್ ಆಮ್‌ಸ್ಟರ್‌ಡ್ಯಾಮಿನ ವೃಂದದೊಡನೆ ಅದನ್ನೇ ಹೆಚ್ಚುಕಡಿಮೆ ಮೂವತ್ತು ನಿಮಿಷಗಳಿಗೆ ಹಿಗ್ಗಿಸಿದರು. ನಡುವೆ ಲೋಕ ಏನೇನನ್ನು ಕಂಡಿತೆಂಬುದನ್ನು ನೆನೆದರೆ ಈ ನಿಧಾನ ಅರ್ಥವಾಗುತ್ತದೆ. ಸತ್ತವರ ಎಣಿಕೆ ತಿಳಿದವರಿಗೆ ಮರಣದ ಸಂಗೀತವನ್ನು ಬೇಗ ಮುಗಿಸಲು ಮನಸ್ಸಾಗದು. ಆದರೂ ನನಗೆ ಅನ್ನಿಸುವುದೇನೆಂದರೆ, ಮೂವತ್ತು ನಿಮಿಷಗಳ ದುಃಖದಲ್ಲಿ ತನ್ನನ್ನು ತಾನೇ ನೋಡಿಕೊಳ್ಳುವ ದುಃಖವೂ ಕೊಂಚ ಬೆರೆತುಬಿಡುತ್ತದೆ. ಹದಿನೆಂಟು ನಿಮಿಷಗಳಲ್ಲಿ ಅದಕ್ಕೆ ಬಿಡುವಿಲ್ಲ.

ನೀವು ಎಲ್ಲವನ್ನೂ ಕೇಳಲಾಗದಿದ್ದರೆ 1938ರ ಮುದ್ರಿಕೆಯ ಕಡೆಯ ಕೆಲವು ನಿಮಿಷಗಳನ್ನಾದರೂ ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ ಕೇಳಿ. ಊದುವ ವಾದ್ಯಗಳೆಲ್ಲ ಒಂದೊಂದಾಗಿ ಹಿಂದೆ ಸರಿದು ತಂತಿವಾದ್ಯಗಳಷ್ಟೇ ಉಳಿಯುತ್ತವೆ. ಮೊದಲ ಪಿಟೀಲುಗಳು ಬಹು ಮೆಲ್ಲಗೆ ಹಳೆಯ ಹಾಡೊಂದನ್ನು ನೆನಪಿಸಿಕೊಳ್ಳುತ್ತವೆ. ಮಾಲರ್ ತಮ್ಮ ಮಗಳು ಹುಟ್ಟುವ ಮೊದಲೇ ಬರೆಯತೊಡಗಿದ್ದ, ಮಕ್ಕಳನ್ನು ಕಳೆದುಕೊಂಡ ತಂದೆಯ ಹಾಡುಗಳಲ್ಲಿ ಒಂದು. ಮಕ್ಕಳು ಎಲ್ಲಿಗೂ ಹೋಗಿಲ್ಲ, ಹೊರಗೆ ಅಡ್ಡಾಡಲು ಹೋಗಿದ್ದಾರಷ್ಟೇ ಎಂದು ಆ ತಂದೆ ತನ್ನನ್ನು ಸಂತೈಸಿಕೊಳ್ಳುತ್ತಾನೆ. ಆಮೇಲೆ ಸ್ವರಗಳಿಗಿಂತ ಮೌನವೇ ಹೆಚ್ಚು. ಕೊನೆಯ ಮಾತು ವಿಯೋಲಾಗಳದು. ಆ ಸ್ವರಗಳ ಮೇಲೆ ಮಾಲರ್ ಬರೆದಿಟ್ಟ ಜರ್ಮನ್ ಪದಕ್ಕೆ ‘ಸಾಯುತ್ತಾ’ ಎಂದರ್ಥ.

ಹಳೆಯ ಯಂತ್ರ ಮೌನವನ್ನು ಚೆನ್ನಾಗಿ ಹಿಡಿಯಲಾರದು. ಮಳೆಯ ಸದ್ದು ಮತ್ತೆ ಮುಂದೆ ಬರುತ್ತದೆ. ಆ ಸಭಾಂಗಣದ ಜನ ಕೆಮ್ಮಿದ್ದೂ, ಕುಳಿತಲ್ಲೇ ಮಿಸುಕಾಡಿದ್ದೂ ಈ ತಟ್ಟೆಗಳಲ್ಲಿ ಉಳಿದಿದೆ. ಸ್ವಚ್ಛಗೊಳಿಸಿ ಹೊಸದಾಗಿ ತಂದ ಮುದ್ರಿಕೆಗಳಲ್ಲೂ ಅದನ್ನು ಪೂರ್ತಿ ಅಳಿಸಲಾಗಿಲ್ಲ. ಜನವರಿಯ ಚಳಿ, ಯಾರಿಗೋ ನೆಗಡಿ. ಅವರು ಕೆಮ್ಮನ್ನು ತಡೆದುಕೊಳ್ಳಲು ನೋಡಿದ್ದೂ ನನಗೆ ಕೇಳುತ್ತದೆ. ಐವತ್ತೈದು ದಿನಗಳ ಬಳಿಕ ಅವರು ಬೀದಿಯ ಅಂಚಿನಲ್ಲಿ ಹೂ ಹಿಡಿದು ನಿಂತಿದ್ದರೋ, ಮನೆಯ ಬಾಗಿಲು ಭದ್ರಪಡಿಸಿ ಒಳಗೆ ಕುಳಿತಿದ್ದರೋ.